ಮೋಟಾರಿನ ಸಪ್ಪಳ ಕೇಳಿ, ಬೆಳೆ ಉಳಿಸಿ



ಉಟಗಿ ನಮ್ಮ ಜತ್ತ ತಾಲೂಕಿನ ಊರು. ಇಲ್ಲಿ ಮಳೆ ಕಡಿಮೆ. ಬೇಸಿಗೆಯಲ್ಲಿ ಬಾವಿಯ ನೀರೇ ಬೆಳೆಗೆ ಆಧಾರ. ಬಾವಿಯಲ್ಲಿ ನೀರಿದ್ದರೂ ಮೋಟಾರು ಕೆಟ್ಟರೆ ಬೆಳೆ ಒಣಗುತ್ತದೆ.

ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದಾಗ ಕೇಳಿದೆ.

"ಯಾಕ್ರೀ ಯಕ್ಕಾ, ಬರಲೇ ಇಲ್ಲ?"

"ಮೋಟಾರ ಸುಟ್ಟೈತ್ರಿ ಸರ. ಮನ್ಯಾಗಿನವರು ಕಬ್ಬು ಕಡಿಯಾಕ ಹೋಗ್ಯಾರ. ದಾಳಿಂಬಿ ಗಿಡಕ್ಕ ನೀರಿಲ್ಲ."

"ಸುಡೂಕಿಂತ ಮೊದಲ ಏನರೆ ಸಪ್ಪಳ ಬರತಿತ್ತೇನ್ರಿ?"

"ಎಂಟ ದಿನದಿಂದ ಕರಕರ ಅಂತಿತ್ರಿ. ನೀರು ಬರತೈತಲ್ಲ ಅಂತ ಹಂಗ ಬಿಟ್ಟೆ."

ಆ ಎಂಟು ದಿನ ಮೋಟಾರು ಎಚ್ಚರಿಕೆ ಕೊಡುತ್ತಿತ್ತು. ಮೊದಲು ಕೆಟ್ಟದ್ದು ಬೇರಿಂಗ್. ಆಮೇಲೆ ಸುಟ್ಟದ್ದು ವೈಂಡಿಂಗ್. ಬೇರಿಂಗ್ ಹಾಕಿಸಲು ಸ್ವಲ್ಪ ಖರ್ಚು. ವೈಂಡಿಂಗ್ ಮಾಡಿಸಲು ದೊಡ್ಡ ಖರ್ಚು.

ಬೇರಿಂಗ್ ಎಂದರೇನು?

ದೊಡ್ಡ ಕಲ್ಲನ್ನು ನೆಲದ ಮೇಲೆ ಎಳೆಯುವುದು ಕಷ್ಟ. ಕೆಳಗೆ ದುಂಡನೆಯ ಕಟ್ಟಿಗೆ ಇಟ್ಟರೆ ಸುಲಭವಾಗಿ ಉರುಳುತ್ತದೆ. ಬೇರಿಂಗ್ ಮಾಡುವುದೂ ಇದನ್ನೇ. ಅದರಲ್ಲಿ ಎರಡು ಉಕ್ಕಿನ ಬಳೆಗಳಿವೆ. ನಡುವೆ ಉಕ್ಕಿನ ಗುಂಡುಗಳಿವೆ. ಒಳಗಿನ ಬಳೆ ಮೋಟಾರಿನ ಶಾಫ್ಟಿನ ಜೊತೆ ತಿರುಗುತ್ತದೆ. ಹೊರಗಿನದು ತಿರುಗುವುದಿಲ್ಲ.

ಬಾವಿಯ ಮೇಲಿನ ಪಂಪಿನ ಮೋಟಾರು ಸಾಮಾನ್ಯವಾಗಿ ಒಂದು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಬೇಕು. ಹಾಗೆಯೇ ಬೇರಿಂಗಿಗೆ ಗ್ರೀಸು ಬೇಕು. ಗ್ರೀಸು ಒಣಗಿದರೆ, ಧೂಳು ಅಥವಾ ನೀರು ಸೇರಿದರೆ ಗುಂಡುಗಳು ಸವೆಯುತ್ತವೆ. ಆಗ ಶಾಫ್ಟು ಅಲುಗಾಡುತ್ತದೆ. ಮೋಟಾರಿನ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ಕೂದಲೆಳೆಯಷ್ಟೇ ಸಂದು ಇರುತ್ತದೆ. ಎರಡೂ ಉಜ್ಜಿದರೆ ಕರೆಂಟು ಹೆಚ್ಚು ಎಳೆದು ತಂತಿ ಸುಡುತ್ತದೆ.

ಕೆಟ್ಟದ್ದು ತಿಳಿಯುವುದು ಹೇಗೆ?

1. ಕಿವಿಯಿಂದ: ಒಳ್ಳೆಯ ಮೋಟಾರು ಒಂದೇ ಸಮನೆ ಗುಂಯ್ ಎನ್ನುತ್ತದೆ. ಕರಕರ, ಕೀಂಯ್ ಎಂದರೆ ಬೇರಿಂಗ್ ನೋಡಿಸಿ.
2. ಕಣ್ಣಿನಿಂದ: ಮೋಟಾರು ನಡುಗುತ್ತಿದೆಯೇ? ಗ್ಲ್ಯಾಂಡಿನಿಂದ ನೀರು ಹನಿಹನಿಯಾಗಿ ಬಿದ್ದರೆ ಅಡ್ಡಿಯಿಲ್ಲ. ಧಾರೆಯಾಗಿ ಚಿಮ್ಮಿದರೆ ಅದು ಬೇರಿಂಗಿಗೆ ಸೇರುತ್ತದೆ. ಗ್ಲ್ಯಾಂಡಿನ ಹಗ್ಗ ಬದಲಿಸಿ.
3. ಕೈಯಿಂದ: ಮೇನ್ ಸ್ವಿಚ್ ಆರಿಸಿ, ಫ್ಯೂಸು ತೆಗೆದ ಮೇಲೆಯೇ ಶಾಫ್ಟು ಮುಟ್ಟಿ. ಮೇಲೆ ಕೆಳಗೆ ಅಲುಗಾಡಿದರೆ ಬೇರಿಂಗ್ ಸವೆದಿದೆ.

ಜೋಕೆ! ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದ ಕೂಡಲೇ ಮೋಟಾರು ತಾನೇ ತಿರುಗುತ್ತದೆ. ಕರೆಂಟು ಹೋಗಿದೆ ಎಂದು ಕೈ ಹಾಕಬೇಡಿ.

ಏನು ಮಾಡಬೇಕು? ಏನು ಮಾಡಬಾರದು?

ಬೇಸಿಗೆ ಬರುವ ಮುಂಚೆ ತಿಳಿದವರಿಂದ ಬೇರಿಂಗ್ ನೋಡಿಸಿ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸು ಹಾಕಬೇಕು. ಹೆಚ್ಚು ಹಾಕಿದರೆ ಒಳ್ಳೆಯದು ಅಂತ ಹಲವರು ತಿಳಿದಿದ್ದಾರೆ. ಅದು ತಪ್ಪು. ಗ್ರೀಸು ತುಂಬಿ ತುಳುಕಿದರೆ ಬೇರಿಂಗ್ ಬಿಸಿಯಾಗುತ್ತದೆ. ಒಳಗಿನ ಖಾಲಿ ಜಾಗದ ಅರ್ಧದಷ್ಟು ಸಾಕು.

ಕೆಲವು ಬೇರಿಂಗುಗಳ ಎರಡೂ ಬದಿಗೆ ಮುಚ್ಚಳ ಇರುತ್ತದೆ. ಅವುಗಳಲ್ಲಿ ಗ್ರೀಸು ಮೊದಲೇ ತುಂಬಿರುತ್ತದೆ. ಅವನ್ನು ತೊಳೆಯಬಾರದು. ಕೆಟ್ಟರೆ ಹೊಸದು ಹಾಕಬೇಕು. ಶಾಫ್ಟಿಗೆ ಕೂರಿಸುವಾಗ ಹೊರಗಿನ ಬಳೆಗೆ ಸುತ್ತಿಗೆಯಿಂದ ಬಡಿಯಬಾರದು. ಬಡಿದರೆ ಹೊಸ ಬೇರಿಂಗೇ ಕೆಡುತ್ತದೆ. ಒಳಗಿನ ಬಳೆಗೆ ಪೈಪಿನ ತುಂಡು ಇಟ್ಟು ಕೂರಿಸಬೇಕು.

ಬೋರಿನೊಳಗೆ ಇಳಿಸುವ ಮೋಟಾರಿನ ಮಾತು ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಗ್ರೀಸು ಇಲ್ಲ. ಇಳಿಸುವ ಮುಂಚೆ ಒಳಗೆ ಶುದ್ಧ ನೀರು ತುಂಬುತ್ತಾರೆ. ಆ ನೀರೇ ಬೇರಿಂಗನ್ನು ಕಾಯುತ್ತದೆ. ಬೋರಿನಲ್ಲಿ ನೀರು ಮುಗಿದ ಮೇಲೂ ಮೋಟಾರು ಓಡಿಸಬೇಡಿ.

ನಂಬರು ಓದಿ

ಬೇರಿಂಗಿನ ಬಳೆಯ ಮೇಲೆ ನಂಬರು ಕೊರೆದಿರುತ್ತದೆ. 6205 ಎಂದಿದೆ ಎನ್ನಿ. ಕೊನೆಯ ಎರಡು ಅಂಕಿ 05. ಅದನ್ನು 5ರಿಂದ ಗುಣಿಸಿ. 5 × 5 = 25. ಅಂದರೆ ಒಳತೂತಿನ ಅಳತೆ 25 ಮಿಲಿಮೀಟರ್. 6305ರ ಒಳತೂತೂ 25. ಆದರೆ ಹೊರಗಿನ ಅಳತೆ ಬೇರೆ. 6205ಕ್ಕೆ 52 ಮಿಲಿಮೀಟರ್, 6305ಕ್ಕೆ 62 ಮಿಲಿಮೀಟರ್. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಮುಂದಿನ ವರ್ಷ ಅದೇ ಅಕ್ಕನ ಮೋಟಾರು ಮತ್ತೆ ಕರಕರ ಎಂದಿತು. ಅಕ್ಕ ಅಂದೇ ನಿಲ್ಲಿಸಿದರು. ಬಿಚ್ಚಿಸಿ, ಹಳೆಯ ಬೇರಿಂಗಿನ ನಂಬರನ್ನು ತಾವೇ ಪಾಟಿಯ ಮೇಲೆ ಬರೆದುಕೊಂಡು ಪೇಟೆಗೆ ಹೋದರು. ಅಂಗಡಿಯವರು ಬೇರೆ ಬೇರಿಂಗ್ ಕೊಟ್ಟರು. ಅಕ್ಕ ಓದಿ ನೋಡಿ, "ಇದು ಮೂರರದು ಐತ್ರಿ, ನಂಗ ಎರಡರದು ಬೇಕು" ಅಂದರು. ಸಂಜೆಗೆ ಗಿಡಕ್ಕೆ ನೀರು ಬಂತು.

ಪಂಪಿಗೆ ಹೆಸರಾದ ಕಿರ್ಲೋಸ್ಕರವಾಡಿ ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಿಂದ ಬಂದು 1910ರಲ್ಲಿ ಅಲ್ಲಿ ಕಾರ್ಖಾನೆ ಕಟ್ಟಿದರು. ಪಂಪು ಮಾಡುವ ಜಿಲ್ಲೆ ನಮ್ಮದು. ಪಂಪು ಕಾಯುವುದನ್ನೂ ಕಲಿಯೋಣ.

ಓದಿ, ಉತ್ತರ ಬರೆಯಿರಿ

1. ಬೇರಿಂಗಿಗೆ ಗ್ರೀಸು ಯಾಕೆ ಬೇಕು?
2. ಶಾಫ್ಟು ಮುಟ್ಟುವ ಮುಂಚೆ ಏನು ಮಾಡಬೇಕು?
3. 6206 ಬೇರಿಂಗಿನ ಒಳತೂತು ಎಷ್ಟು ಮಿಲಿಮೀಟರ್?