ಮುಚ್ಚಿದ ಕೋಣೆಯ ಕೆಂಡ ಮತ್ತು ಎಚ್ಚರಿಕೆ ಯಂತ್ರದ ದನಿ

ನೀಲಗಿರಿಯಲ್ಲಿ ಡಿಸೆಂಬರ್ ಕಳೆದು ಜನವರಿ ಕಾಲಿಡುವ ಹೊತ್ತಿಗೆ ಉದಕಮಂಡಲದ ತಗ್ಗು ಬಯಲುಗಳ ಮೇಲೆ ನಸುಕಿನ ಹಿಮ ಬಿಳಿಯ ಹೊದಿಕೆಯಂತೆ ಹರಡಿರುತ್ತದೆ. ಇಂತಹ ರಾತ್ರಿಗಳಲ್ಲಿ ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ, ಇದ್ದಿಲಿನ ಅಗ್ಗಿಷ್ಟಿಕೆಯನ್ನು ಪಕ್ಕದಲ್ಲಿರಿಸಿಕೊಂಡು ಮಲಗುವ ರೂಢಿ ಇಂದಿಗೂ ಅಳಿದಿಲ್ಲ. ಹಾಗೆ ಮಲಗಿದವರು ಬೆಳಗ್ಗೆ ಏಳದೇ ಹೋದ ಸುದ್ದಿಯನ್ನು ಬೆಟ್ಟದ ಊರುಗಳು ಮತ್ತೆ ಮತ್ತೆ ಕೇಳಿವೆ.

ಇದಕ್ಕೆ ಕಾರಣ ಕಾರ್ಬನ್ ಮಾನಾಕ್ಸೈಡ್ ಅನಿಲ. ಗಾಳಿಯ ಕೊರತೆಯಲ್ಲಿ ಇದ್ದಿಲು, ಸೌದೆ, ಅಡುಗೆ ಅನಿಲ ಅರೆಬರೆ ಉರಿದಾಗ ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಡನೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಕೂಡಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ನಿದ್ರಿಸುವವರಿಗೆ ಅವು ತಿಳಿಯುವುದೇ ಇಲ್ಲ. ಕೆಂಡದಲ್ಲಿ ಹೊಗೆ ಕಾಣದಿರುವುದರಿಂದ ಅಪಾಯವಿಲ್ಲವೆಂಬ ಭ್ರಮೆ ಮೂಡುತ್ತದೆ. ಗಾಳಿಯಾಡದ ಸ್ನಾನಗೃಹದ ಗ್ಯಾಸ್ ಗೀಸರ್ ಕೂಡ ಇಷ್ಟೇ ಅಪಾಯಕಾರಿ.

ಯಾವ ಯಂತ್ರ, ಎಲ್ಲಿ?

ಹೊಗೆಯ ಎಚ್ಚರಿಕೆ ಯಂತ್ರ ಕಾರ್ಬನ್ ಮಾನಾಕ್ಸೈಡನ್ನು ಗುರುತಿಸದು. ಕಾರ್ಬನ್ ಮಾನಾಕ್ಸೈಡ್ ಯಂತ್ರವು ಸಿಲಿಂಡರಿನಿಂದ ಸೋರುವ ಅನಿಲವನ್ನು ಗುರುತಿಸದು. ಕೊಳ್ಳುವಾಗ ಈ ಭೇದವನ್ನು ಕೇಳಿ ತಿಳಿಯಬೇಕು. ಹೊಗೆ ಮೇಲೇರುವುದರಿಂದ ಅದರ ಯಂತ್ರ ಛಾವಣಿಯಲ್ಲಿರಬೇಕು; ಒಲೆಯಿಂದ ಸುಮಾರು 3 ಮೀಟರ್ ದೂರವಿದ್ದರೆ ಒಗ್ಗರಣೆಯ ಹೊಗೆಗೆ ವೃಥಾ ಕೂಗುವುದು ತಪ್ಪುತ್ತದೆ. ಕಾರ್ಬನ್ ಮಾನಾಕ್ಸೈಡ್ ಗಾಳಿಯಷ್ಟೇ ಹಗುರವಾದ್ದರಿಂದ ಅದರ ಯಂತ್ರವನ್ನು ಮಲಗುವ ಕೋಣೆಯ ಬಳಿ ಗೋಡೆಯ ಮೇಲೂ ಇರಿಸಬಹುದು. ಪರದೆಯ ಅಥವಾ ಕಪಾಟಿನ ಮರೆಯಲ್ಲಿ ಇರಿಸಬಾರದು.

ದನಿಯ ಅರ್ಥ

ಸಾಮಾನ್ಯವಾಗಿ ಮೂರು ದೀರ್ಘ ಕೂಗು, ಬಳಿಕ ವಿರಾಮ ಎಂದರೆ ಹೊಗೆ. ನಾಲ್ಕು ಚುಟುಕು ಕೂಗು, ಬಳಿಕ ವಿರಾಮ ಎಂದರೆ ಕಾರ್ಬನ್ ಮಾನಾಕ್ಸೈಡ್. ನಿಮಿಷಕ್ಕೊಮ್ಮೆ ಕೇಳುವ ಒಂಟಿ 'ಚಿಕ್' ದನಿ ಬ್ಯಾಟರಿ ಬತ್ತಿರುವುದರ ಸೂಚನೆ. ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ಈ ದನಿ ನಸುಕಿನಲ್ಲಿ ಆರಂಭವಾಗಿ ಬಿಸಿಲೇರಿದಾಗ ನಿಲ್ಲುವುದುಂಟು. ತಾನಾಗಿಯೇ ಸರಿಹೋಯಿತೆಂದು ಸುಮ್ಮನಿರದೆ ಅಂದೇ ಬ್ಯಾಟರಿ ಬದಲಿಸಬೇಕು. ಬದಲಿಸಿದರೂ ದನಿ ನಿಲ್ಲದಿದ್ದರೆ ಯಂತ್ರದ ಆಯುಷ್ಯ ಮುಗಿದಿರಬಹುದು. ಹೊಗೆಯ ಯಂತ್ರಕ್ಕೆ 10 ವರ್ಷ, ಕಾರ್ಬನ್ ಮಾನಾಕ್ಸೈಡ್ ಯಂತ್ರಕ್ಕೆ ಮಾದರಿಗನುಗುಣವಾಗಿ 5ರಿಂದ 10 ವರ್ಷ ಬಾಳಿಕೆ. ತಯಾರಿಕೆಯ ದಿನಾಂಕ ಹಿಂಬದಿಯಲ್ಲಿರುತ್ತದೆ.

ಪಾಲನೆ

ತಿಂಗಳಿಗೊಮ್ಮೆ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು. ಧೂಳು, ಜೇಡರಬಲೆ, ಸಣ್ಣ ಹುಳುಗಳು ಹಾಗೂ ಸ್ನಾನದ ಹಬೆ ಸುಳ್ಳು ಕೂಗಿಗೆ ಕಾರಣವಾಗುತ್ತವೆ. ಒಣ ಮೃದು ಬ್ರಷ್‌ನಿಂದ ಹೊರಭಾಗವನ್ನು ಶುಚಿಗೊಳಿಸಬೇಕು. ನೀರು, ಸ್ಪ್ರೇ ತಾಗಿಸಬಾರದು. ಕಾರ್ಬನ್ ಮಾನಾಕ್ಸೈಡ್ ಯಂತ್ರವನ್ನು ಕೆಂಡದ ಮೇಲೆ ಹಿಡಿದು ಪರೀಕ್ಷಿಸುವುದು ತಪ್ಪು. ಅದು ಅನಿಲದ ಪ್ರಮಾಣದ ಜೊತೆಗೆ ಕಾಲವನ್ನೂ ಲೆಕ್ಕ ಹಾಕುತ್ತದೆ: ಅಮೆರಿಕದ ಮಾನದಂಡದ ಯಂತ್ರವು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 70 ಭಾಗ ಅನಿಲವಿದ್ದರೆ 1ರಿಂದ 4 ಗಂಟೆಗಳೊಳಗೆ, 400 ಭಾಗವಿದ್ದರೆ 4ರಿಂದ 15 ನಿಮಿಷಗಳೊಳಗೆ ಕೂಗುತ್ತದೆ.

ಕೂಗಿದಾಗ

ಬ್ಯಾಟರಿ ಕಿತ್ತು ಬಾಯಿ ಮುಚ್ಚಿಸುವುದು ಸಲ್ಲದು. ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತರಬೇಕು. ಹೊರಬಂದ ಮೇಲೆ 112ಕ್ಕೆ ಕರೆಮಾಡಬೇಕು. ತಲೆಸುತ್ತು ಇದ್ದವರನ್ನು ವೈದ್ಯರು ನೋಡಲೇಬೇಕು. ಕಾರಣ ತಿಳಿಯುವವರೆಗೆ ಒಳಗೆ ಮರಳಬಾರದು.

ಯಂತ್ರವಿದೆಯೆಂಬ ಧೈರ್ಯದಿಂದ ಮುಚ್ಚಿದ ಕೋಣೆಯಲ್ಲಿ ಕೆಂಡವಿಡಬಾರದು. ಯಂತ್ರದೊಡನೆ ಬರುವ ಸೂಚನಾಪತ್ರ ಕನ್ನಡದಲ್ಲಿರುವುದು ಅಪರೂಪ. ಆದಕಾರಣ ಯಾವ ದನಿಗೆ ಏನರ್ಥ, ಕೊಂಡ ದಿನಾಂಕ ಯಾವುದು ಎಂಬುದನ್ನು ಮನೆಯವರೇ ಕನ್ನಡದಲ್ಲಿ ಬರೆದು ಅದರ ಪಕ್ಕದಲ್ಲಿ ಅಂಟಿಸಲಿ. ನಡುರಾತ್ರಿಯ ಕೂಗಿನ ಅರ್ಥ ಅಜ್ಜಿಗೂ ಮೊಮ್ಮಗುವಿಗೂ ಒಡನೆಯೇ ತಿಳಿಯಬೇಕು.