ಸ್ವಗೃಹದಲ್ಲಿ ಗಣಕಯಂತ್ರದ ಜೋಡಣೆ: ಅಂಗಗಳ ಆಯ್ಕೆ ಹಾಗೂ ತಾಪನಿವಾರಣೆ

‘ಗಣಕ’ ಎಂಬ ಸಂಸ್ಕೃತ ಶಬ್ದವು ಮೂಲತಃ ಎಣಿಕೆ ಮಾಡುವ ಮನುಷ್ಯನನ್ನು, ವಿಶೇಷವಾಗಿ ಜ್ಯೋತಿಷಿಯನ್ನು, ಸೂಚಿಸುತ್ತಿದ್ದಿತು. ಇಂಗ್ಲಿಷಿನ ‘ಕಂಪ್ಯೂಟರ್’ ಎಂಬ ಪದದ ಚರಿತ್ರೆಯೂ ಇದಕ್ಕೆ ಭಿನ್ನವಲ್ಲ. ಅದು ಕೂಡ ಮೊದಲು ಲೆಕ್ಕ ಹಾಕುವ ವ್ಯಕ್ತಿಯ ಹೆಸರಾಗಿದ್ದು, ಅನಂತರ ಯಂತ್ರಕ್ಕೆ ಸಂದಿತು. ಎಣಿಕೆಯ ಕೆಲಸದಿಂದ ತಲೆ ಬಿಸಿಯಾಯಿತೆಂದು ಮನುಷ್ಯರು ಆಡಿಕೊಳ್ಳುವುದುಂಟು. ಮನುಷ್ಯನ ವಿಷಯದಲ್ಲಿ ಅದು ಕೇವಲ ಮಾತಿನ ಚಮತ್ಕಾರ. ಯಂತ್ರದ ವಿಷಯದಲ್ಲಾದರೋ ಅಕ್ಷರಶಃ ಸತ್ಯ.

ಈಚಿನ ವರ್ಷಗಳಲ್ಲಿ ಅನೇಕ ವಿದ್ಯಾರ್ಥಿಗಳು ಸಿದ್ಧಯಂತ್ರವನ್ನು ಕೊಳ್ಳದೆ, ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಯಿಂದಲೋ ಅಂಚೆಯ ಮೂಲಕವೋ ತರಿಸಿ ಮನೆಯಲ್ಲಿಯೇ ಜೋಡಿಸಿಕೊಳ್ಳುತ್ತಿರುವರು. ಇದು ಸ್ತುತ್ಯವಾದ ಉದ್ಯಮ. ಹಣದ ಉಳಿತಾಯಕ್ಕಿಂತಲೂ ಮಿಗಿಲಾಗಿ, ಯಂತ್ರದ ಒಳಗನ್ನು ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ ಅರಿವು ಇದರಿಂದ ದೊರೆಯುತ್ತದೆ. ಆದರೆ ಕೊಳ್ಳುವಾಗ ವೇಗವೆಷ್ಟು, ಜ್ಞಾಪಕಶಕ್ತಿಯೆಷ್ಟು, ಬೆಲೆಯೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳುವವರು, ಇದು ಎಷ್ಟು ಕಾಯುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವುದು ವಿರಳ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುವ ಕಲಬುರಗಿ, ರಾಯಚೂರು ಸೀಮೆಯ ಮನೆಗಳಲ್ಲಿ ಈ ನಾಲ್ಕನೆಯ ಪ್ರಶ್ನೆಯೇ ಮೊದಲನೆಯದಾಗಬೇಕು.

ಗಣಕಯಂತ್ರವು ಭಾರವನ್ನು ಎತ್ತುವುದಿಲ್ಲ, ನೀರನ್ನು ಮೇಲಕ್ಕೆ ಸೇದುವುದಿಲ್ಲ. ಆದ್ದರಿಂದ ಅದು ನುಂಗುವ ವಿದ್ಯುತ್ತು ಹೆಚ್ಚುಕಡಿಮೆ ಸಂಪೂರ್ಣವಾಗಿ ಶಾಖವಾಗಿಯೇ ಹೊರಬರುತ್ತದೆ. 250 ವಾಟ್ ವಿದ್ಯುತ್ತನ್ನು ಬಳಸುವ ಯಂತ್ರವೆಂದರೆ, ತಾಪದ ದೃಷ್ಟಿಯಿಂದ, 1000 ವಾಟ್ ಸಾಮರ್ಥ್ಯದ ಕೋಣೆಯ ಹೀಟರಿನ ನಾಲ್ಕನೆಯ ಒಂದು ಪಾಲೇ ಸರಿ. ಅದರಲ್ಲಿಯೂ ಪ್ರೊಸೆಸರ್ ಎಂಬ ಮುಖ್ಯಾಂಗದಲ್ಲಿ ಈ ಶಾಖವು ಉಗುರಿನಷ್ಟು ವಿಸ್ತಾರದ ಸಿಲಿಕಾನ್ ಬಿಲ್ಲೆಯಲ್ಲಿ ಹುಟ್ಟುವುದರಿಂದ, ಅದನ್ನು ಅಲ್ಲಿಂದ ಬೇಗನೆ ಸಾಗಿಸದಿದ್ದರೆ ಕ್ಷಣಾರ್ಧದಲ್ಲಿ ತಾಪವು ಮಿತಿಮೀರುತ್ತದೆ.

ಮೊದಲಿನಿಂದಲೂ ಹೀಗಿರಲಿಲ್ಲ. 1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿದ್ದ 8088 ಎಂಬ ಪ್ರೊಸೆಸರ್ ಸೆಕೆಂಡಿಗೆ 47.7 ಲಕ್ಷ ಸ್ಪಂದನಗಳಲ್ಲಿ ಕೆಲಸ ಮಾಡುತ್ತಿದ್ದು, ಅದರ ನೆತ್ತಿಯ ಮೇಲೆ ಯಾವ ಶೀತಕವೂ ಇರಲಿಲ್ಲ. ಇಡೀ ಯಂತ್ರದ ವಿದ್ಯುತ್ ಪೂರೈಕೆಯೇ 63.5 ವಾಟ್ ಮಾತ್ರ. ಮುಂದೆ ವೇಗವು ಏರಿದಂತೆ ತಾಪವೂ ಏರಿತು. 1990ರ ದಶಕದಲ್ಲಿ ಪ್ರೊಸೆಸರಿಗೆ ಲೋಹದ ಹಲ್ಲೆಗಳೂ ಅವುಗಳ ಮೇಲೊಂದು ಚಿಕ್ಕ ಫ್ಯಾನೂ ಅನಿವಾರ್ಯವಾದವು. 2004ರ ವೇಳೆಗೆ ಇಂಟೆಲ್ ಸಂಸ್ಥೆಯ ಪೆಂಟಿಯಂ 4 ಪ್ರೊಸೆಸರ್ ನೂರು ವಾಟ್‌ಗಳನ್ನು ಮೀರಿತು. ಸೆಕೆಂಡಿಗೆ 400 ಕೋಟಿ ಸ್ಪಂದನಗಳ ಮಾದರಿಯನ್ನು ತರುವ ಯೋಜನೆಯನ್ನು ಆ ವರ್ಷವೇ ಸಂಸ್ಥೆಯು ಕೈಬಿಟ್ಟಿತು. ಒಂದೇ ಎತ್ತನ್ನು ಬಾರುಕೋಲಿನಿಂದ ಓಡಿಸುವುದರ ಬದಲು ಹಲವು ಎತ್ತುಗಳನ್ನು ಹೂಡುವ ಮಾರ್ಗ, ಅಂದರೆ ಒಂದೇ ಬಿಲ್ಲೆಯಲ್ಲಿ ಹಲವು ‘ಕೋರ್’ಗಳನ್ನು ಇರಿಸುವ ಕ್ರಮ, ಪ್ರಬಲವಾಗಲು ತಾಪದ ಈ ತೊಡಕೇ ಪ್ರಧಾನ ಕಾರಣ.

ಈಗ ಒಂದು ಲೆಕ್ಕವನ್ನು ಪರಿಶೀಲಿಸಬಹುದು. ಶೀತಕವೊಂದರ ಯೋಗ್ಯತೆಯನ್ನು, ಪ್ರತಿ ವಾಟ್ ಶಾಖಕ್ಕೆ ಪ್ರೊಸೆಸರಿನ ತಾಪವು ಸುತ್ತಲಿನ ಗಾಳಿಗಿಂತ ಎಷ್ಟು ಡಿಗ್ರಿ ಏರುತ್ತದೆ ಎಂಬುದರಿಂದ ಅಳೆಯುವರು. ಈ ಅಳತೆಯು ಅರ್ಧ ಡಿಗ್ರಿ ಎಂದು ಭಾವಿಸಿದರೆ, 88 ವಾಟ್ ಶಾಖಕ್ಕೆ 44 ಡಿಗ್ರಿ ಏರಿಕೆ. ಎಎಂಡಿ ಸಂಸ್ಥೆಯು 2023ರಲ್ಲಿ ಹೊರತಂದ ರೈಜೆನ್ 5 7600 ಎಂಬ ಪ್ರೊಸೆಸರಿಗೆ ವಿಧಿಸಿರುವ ವಿದ್ಯುತ್ ಮಿತಿ ಈ 88 ವಾಟ್. ತಾಪದ ಮಿತಿ 95 ಡಿಗ್ರಿ. 25 ಡಿಗ್ರಿಯ ಗಾಳಿಯಲ್ಲಿ ಅದು 69 ಡಿಗ್ರಿಗೆ ಬಂದು ನಿಲ್ಲುತ್ತದೆ, ಚಿಂತೆಯಿಲ್ಲ. ಆದರೆ ಹೊರಗೆ 40 ಡಿಗ್ರಿಯಿದ್ದು, ಪೆಟ್ಟಿಗೆಯ ಒಳಗಿನ ಗಾಳಿ ಇನ್ನೂ 8 ಡಿಗ್ರಿ ಹೆಚ್ಚು ಕಾದಿದ್ದರೆ, 48ಕ್ಕೆ 44 ಸೇರಿ 92 ಆಗುತ್ತದೆ. ಅಂಚಿನಲ್ಲಿ ನಡೆದಂತಾಯಿತು. ಶೀತಕವನ್ನು ಮಾತ್ರ ಬದಲಿಸಿ, 0.35 ಡಿಗ್ರಿಯ ಅಳತೆಯದನ್ನು ಹಾಕಿದರೆ ಅದೇ ಬೇಸಗೆಯಲ್ಲಿ ಅದೇ ಪ್ರೊಸೆಸರ್ 79 ಡಿಗ್ರಿಯಲ್ಲಿ ನೆಮ್ಮದಿಯಿಂದ ಇರುತ್ತದೆ.

ಇನ್ನು ಅದೇ ವರ್ಷ ಬಂದ ಇಂಟೆಲ್ ಕೋರ್ ಐ9 14900ಕೆ ಎಂಬುದರ ಗರಿಷ್ಠ ವಿದ್ಯುತ್ತು 253 ವಾಟ್, ತಾಪದ ಮಿತಿ 100 ಡಿಗ್ರಿ. 48 ಡಿಗ್ರಿಯ ಗಾಳಿಯಲ್ಲಿ ಅದಕ್ಕೆ ಉಳಿಯುವ ಅವಕಾಶ 52 ಡಿಗ್ರಿ ಮಾತ್ರ. ಎಂದರೆ ವಾಟ್ ಒಂದಕ್ಕೆ ಸುಮಾರು 0.2 ಡಿಗ್ರಿಗಿಂತ ಹೆಚ್ಚು ಏರಗೊಡದ ಶೀತಕ ಬೇಕು. ಸಾಮಾನ್ಯ ಶೀತಕದಿಂದ ಇದು ಸಾಧ್ಯವಾಗದು. ಆಗ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೆಚ್ಚಿನ ವೇಗಕ್ಕೆಂದು ತಂದೆತಾಯಿಗಳು ಕೂಡಿಟ್ಟು ತೆತ್ತ ಹಣವು ಬೇಸಗೆಯ ಮಧ್ಯಾಹ್ನಗಳಲ್ಲಿ ಹೀಗೆ ಸದ್ದಿಲ್ಲದೆ ನಷ್ಟವಾಗುತ್ತದೆ. ವಿದ್ಯಾಭ್ಯಾಸಕ್ಕೆ, ಬರವಣಿಗೆಗೆ, ಪ್ರೋಗ್ರಾಮಿಂಗ್ ಕಲಿಕೆಗೆ 65 ವಾಟ್ ವರ್ಗದ ಪ್ರೊಸೆಸರ್ ಧಾರಾಳವಾಗಿ ಸಾಕು. ಮೇಲೆ ಹೇಳಿದ 7600ರಲ್ಲಿ ಚಿತ್ರಗಳನ್ನು ತೋರಿಸುವ ಸಾಧಾರಣ ಸಾಮರ್ಥ್ಯವು ಒಳಗೇ ಇರುವುದರಿಂದ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಖರ್ಚನ್ನೂ ಶಾಖವನ್ನೂ ಆರಂಭದಲ್ಲಿ ತಪ್ಪಿಸಬಹುದು. ಕಾರ್ಡು ಬೇಕೇಬೇಕೆಂದಾದರೆ ಅವುಗಳಲ್ಲಿರುವ ಅಂತರವನ್ನು ಗಮನಿಸಬೇಕು: ಆರ್‌ಟಿಎಕ್ಸ್ 4060 ಬಳಸುವುದು 115 ವಾಟ್, ಅದೇ ಪೀಳಿಗೆಯ 4090 ಬಳಸುವುದು 450 ವಾಟ್.

ಶೀತಕದ ಕಾರ್ಯಕ್ರಮವು ಸರಳವಾದರೂ ಸೊಗಸಾದುದು. ಪ್ರೊಸೆಸರಿನ ಮೇಲ್ಮೈಯೂ ಶೀತಕದ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ತಗ್ಗುದಿಣ್ಣೆಗಳಿದ್ದು, ಅವುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಯು ಶಾಖವನ್ನು ಸಾಗಿಸುವುದರಲ್ಲಿ ಅತ್ಯಂತ ಅಶಕ್ತ. ತಾಮ್ರವು ಅದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಮೇಲ್ಪಟ್ಟು ಸಮರ್ಥ. ಈ ಗಾಳಿಯನ್ನು ಹೊರದೂಡುವುದಕ್ಕಾಗಿಯೇ ಥರ್ಮಲ್ ಪೇಸ್ಟ್ ಎಂಬ ಲೇಪ. ಅವರೆಕಾಳಿನಷ್ಟು ಸಾಕು, ಹೋಳಿಗೆಗೆ ತುಪ್ಪ ಸುರಿದಂತೆ ಸುರಿಯುವ ಔದಾರ್ಯ ಇಲ್ಲಿ ಸಲ್ಲದು. ಅಲ್ಲಿಂದ ಮೇಲಕ್ಕೆ ಶಾಖವನ್ನು ಒಯ್ಯುವವು ತಾಮ್ರದ ಮುಚ್ಚಿದ ಕೊಳವೆಗಳು. ಅವುಗಳ ಒಳಗೆ ಗಾಳಿಯನ್ನು ತೆಗೆದು ತುಸು ನೀರನ್ನು ಇರಿಸಿರುವುದರಿಂದ, ಒತ್ತಡ ಕಡಿಮೆಯಾಗಿ ಆ ನೀರು 100 ಡಿಗ್ರಿಗೆ ಕಾಯದೆಯೇ ಆವಿಯಾಗುತ್ತದೆ; ಆವಿಯು ತಂಪಾದ ತುದಿಗೆ ಓಡಿ, ಶಾಖವನ್ನು ಅಲ್ಯೂಮಿನಿಯಂ ಹಲ್ಲೆಗಳಿಗೆ ಒಪ್ಪಿಸಿ ಮರಳಿ ನೀರಾಗುತ್ತದೆ; ಕೊಳವೆಯ ಒಳಮೈಗೆ ಅಂಟಿರುವ ರಂಧ್ರಮಯ ಪದರವು ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವಂತೆ ಆ ನೀರನ್ನು ಬಿಸಿಯ ತುದಿಗೆ ಮತ್ತೆ ಎಳೆದುತರುತ್ತದೆ. ಮೋಟರಿಲ್ಲ, ಸವೆಯುವ ಅಂಗವಿಲ್ಲ. ಹಲ್ಲೆಗಳಿಂದ ಶಾಖವನ್ನು ಗಾಳಿಗೆ ಬೆರೆಸುವ ಫ್ಯಾನ್ ಒಂದೇ ಚಲಿಸುವ ವಸ್ತು.

ನೀರಿನಿಂದ ತಣಿಸುವ ಏರ್ಪಾಡಿನ ಬಗ್ಗೆ ಯುವಕರಲ್ಲಿ ವಿಶೇಷ ವ್ಯಾಮೋಹವಿದೆ. ನೀರು ಶಾಖವನ್ನು ಚೆನ್ನಾಗಿ ಹೊರುತ್ತದೆ, ನಿಜ. ಅತಿಯಾಗಿ ಕಾಯುವ ಪ್ರೊಸೆಸರುಗಳಿಗೆ ಅದು ಉಚಿತವೂ ಹೌದು. ಆದರೆ ಆ ನೀರು ಕೊನೆಗೆ ತನ್ನ ಶಾಖವನ್ನು ಒಪ್ಪಿಸಬೇಕಾದುದು ಅದೇ ಕೋಣೆಯ ಗಾಳಿಗೆ. ಕೋಣೆ 40 ಡಿಗ್ರಿಯಿದ್ದರೆ ನೀರೂ ಅದಕ್ಕಿಂತ ತಂಪಾಗಲಾರದು. ಅದರ ಪಂಪು ಕಾಲಕ್ರಮದಲ್ಲಿ ಸವೆಯುತ್ತದೆ, ನೀರು ರಬ್ಬರ್ ಕೊಳವೆಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಆರಿಹೋಗುತ್ತದೆ. 65 ವಾಟ್ ವರ್ಗದ ಯಂತ್ರಕ್ಕೆ ಇದು ಆಡಂಬರವೆನ್ನದೆ ವಿಧಿಯಿಲ್ಲ.

ಕ್ಯಾಬಿನೆಟ್ ಎನಿಸಿಕೊಳ್ಳುವ ಪೆಟ್ಟಿಗೆಯ ಆಯ್ಕೆಯಲ್ಲಿ ಆಗುವ ತಪ್ಪುಗಳು ಅತ್ಯಧಿಕ. ಮುಂಭಾಗವೆಲ್ಲ ಗಾಜಿನಿಂದ ಮುಚ್ಚಿ, ಒಳಗೆ ಬಣ್ಣಬಣ್ಣದ ದೀಪಗಳು ಬೆಳಗುವ ಪೆಟ್ಟಿಗೆಗಳು ನೋಟಕ್ಕೆ ಮೋಹಕ, ಉಸಿರಾಟಕ್ಕೆ ಮಾರಕ. ಹಳೆಯ ಮಾಳಿಗೆ ಮನೆಗಳ ಅಡುಗೆಮನೆಯಲ್ಲಿ ಹೊಗೆಗೂ ಬಿಸಿಗಾಳಿಗೂ ಮೇಲೆ ಬೆಳಕಿಂಡಿ, ತಂಗಾಳಿಗೆ ಕೆಳಗೆ ಬಾಗಿಲು ಇರುತ್ತಿದ್ದುದನ್ನು ಹಿರಿಯರು ಬಲ್ಲರು. ಅದೇ ತತ್ತ್ವ ಇಲ್ಲಿಯೂ. ಮುಂದಿನ ಜಾಲರಿಯ ಮೂಲಕ 120 ಮಿಲಿಮೀಟರಿನ ಎರಡು ಫ್ಯಾನುಗಳು ಗಾಳಿಯನ್ನು ಒಳಗೆಳೆಯಬೇಕು. ಹಿಂದಿನ ಒಂದು ಹೊರದೂಡಬೇಕು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಾಗಿದ್ದರೆ, ಸಂದುಗಳಿಂದ ಧೂಳು ನುಸುಳದೆ ಜಾಲರಿಯ ಶೋಧಕದಲ್ಲಿಯೇ ಉಳಿಯುತ್ತದೆ. ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿ, ಎಲ್ಲವೂ ಒಳಗೇ ಊದುವಂತೆ ಮಾಡಿ ಪೇಚಾಡುವವರು ಅನೇಕ. ಸಾಮಾನ್ಯವಾಗಿ ಫ್ಯಾನಿನ ಅಡ್ಡಪಟ್ಟಿಗಳಿರುವ ಪಾರ್ಶ್ವದಿಂದಲೇ ಗಾಳಿ ಹೊರಬರುತ್ತದೆಂಬುದನ್ನು ನೆನಪಿಟ್ಟರೆ ಸಾಕು. ಪೆಟ್ಟಿಗೆಯನ್ನು ಮೇಜಿನ ಮುಚ್ಚಿದ ಗೂಡಿನಲ್ಲಿ ತುರುಕುವುದಂತೂ ಕೂಡದು.

ಮಿತವ್ಯಯವು ಎಲ್ಲಿ ಸಲ್ಲದೋ ಅಲ್ಲಿಯೇ ಜನ ಅದನ್ನು ತೋರುವರು. ಅದು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಅಂಗ. ಪೆಟ್ಟಿಗೆಯೊಡನೆ ಅಗ್ಗವಾಗಿ ಬರುವ, ಮೇಲೆ ಬರೆದಷ್ಟು ವಾಟ್‌ಗಳನ್ನು ಎಂದೂ ಕೊಡಲಾರದ ಎಸ್‌ಎಂಪಿಎಸ್ ಕೆಟ್ಟರೆ ತಾನೊಂದೇ ಕೆಡದೆ ಮದರ್‌ಬೋರ್ಡನ್ನೂ ಕೆಡಿಸಬಲ್ಲುದು. 2004ರಲ್ಲಿ ಆರಂಭವಾದ ‘80 ಪ್ಲಸ್’ ಎಂಬ ಪ್ರಮಾಣಪತ್ರವು ದಕ್ಷತೆಯನ್ನು ಸೂಚಿಸುತ್ತದೆ: 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧಭಾರದಲ್ಲಿ ಕಂಚಿನ ದರ್ಜೆಗೆ ನೂರಕ್ಕೆ 85, ಚಿನ್ನದ ದರ್ಜೆಗೆ 90. ಉಳಿದ ಅಂಶವು ಎಸ್‌ಎಂಪಿಎಸ್‌ನಲ್ಲಿಯೇ ಶಾಖವಾಗುತ್ತದೆ. ಅದರೊಳಗಿನ ಕೆಪಾಸಿಟರುಗಳ ಆಯುಸ್ಸು ತಾಪವು 10 ಡಿಗ್ರಿ ಏರಿದರೆ ಸ್ಥೂಲವಾಗಿ ಅರ್ಧಕ್ಕಿಳಿಯುತ್ತದೆಂಬುದು ಬಲ್ಲವರ ಸೂತ್ರ. ಕರೆಂಟು ಆಗಾಗ ಹೋಗಿಬರುವ ಊರುಗಳಲ್ಲಿ ಒಂದು ಯುಪಿಎಸ್ ಕೂಡ ಅಗತ್ಯ.

ಉಳಿದ ಅಂಗಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮದರ್‌ಬೋರ್ಡಿನ ಸಾಕೆಟ್ಟು ಪ್ರೊಸೆಸರಿಗೆ ಹೊಂದಬೇಕು. 7600ಕ್ಕೆ ಎಎಂ5 ಎಂಬ ಸಾಕೆಟ್ಟೂ ಡಿಡಿಆರ್5 ರ‍್ಯಾಮೂ ಬೇಕು. ಹಳೆಯ ಡಿಡಿಆರ್4 ರ‍್ಯಾಮಿನ ಕಚ್ಚು ಬೇರೆಡೆ ಇರುವುದರಿಂದ ಅದು ಕೂರುವುದೇ ಇಲ್ಲ. ಶೀತಕದ ಎತ್ತರವು ಪೆಟ್ಟಿಗೆಯ ಅಗಲದೊಳಗೆ ಹಿಡಿಸುವುದೇ ಎಂದು ಕೊಳ್ಳುವ ಮೊದಲೇ ಅಳೆದುಕೊಳ್ಳಬೇಕು. ಜೋಡಿಸುವಾಗ ಶೀತಕದ ತಳಕ್ಕೆ ಅಂಟಿಸಿರುವ ಪಾರದರ್ಶಕ ಹಾಳೆಯನ್ನು ಕಿತ್ತುಹಾಕಲು ಮರೆಯುವುದು ಹೊಸಬರ ಸರ್ವಸಾಮಾನ್ಯ ಪ್ರಮಾದ. ಆ ಒಂದು ತೆಳುಹಾಳೆಯಿಂದ ಎಲ್ಲ ಆಯಾಸವೂ ವ್ಯರ್ಥ.

ಜೋಡಣೆ ಮುಗಿದ ಮೇಲೆ ಪರೀಕ್ಷೆಯನ್ನು ರಾತ್ರಿಯ ತಂಪಿನಲ್ಲಿ ಮಾಡದೆ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ಅರ್ಧ ಗಂಟೆ ಪೂರ್ಣಭಾರ ಕೊಟ್ಟು ತಾಪವನ್ನು ನೋಡತಕ್ಕದ್ದು. ಮಿತಿಗೆ ಸಮೀಪಿಸಿದರೆ ಬಯೋಸ್‌ನಲ್ಲಿ ವಿದ್ಯುತ್ತಿನ ಮಿತಿಯನ್ನು ತುಸು ತಗ್ಗಿಸಬಹುದು. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಶಾಖವು ಐದನೆಯ ಒಂದು ಪಾಲಿನಷ್ಟು ಇಳಿಯುತ್ತದೆ. ವೇಗದಲ್ಲಿ ಆಗುವ ನಷ್ಟ ಅಲ್ಪ. ಅನಂತರ ಎರಡು ಮೂರು ತಿಂಗಳಿಗೊಮ್ಮೆ ಜಾಲರಿಯನ್ನು ತೆಗೆದು ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಕೂರಿಸಬೇಕು. ಹಲ್ಲೆಗಳ ಧೂಳನ್ನು ಊದುವಾಗ ಮಾತ್ರ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಗಿರ್ರನೆ ಅತಿವೇಗದಲ್ಲಿ ತಿರುಗಿ ಅದರ ಬೇರಿಂಗು ಸವೆಯುತ್ತದೆ.