‘ಪುಟ್ ಆಫ್’ ಎಂದರೆ ಮುಂದೂಡಿಕೆ, ರದ್ದತಿಯಲ್ಲ

2020ರ ಮಾರ್ಚ್ 23ರಂದು ನಡೆಯಬೇಕಿದ್ದ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆಯನ್ನು ಕೊರೊನಾ ಸೋಂಕಿನ ಕಾರಣದಿಂದ ರಾಜ್ಯ ಸರ್ಕಾರ ಮುಂದೂಡಿತ್ತು. ಆ ಪರೀಕ್ಷೆ ಕೊನೆಗೂ ನಡೆದದ್ದು ಜೂನ್ 18ರಂದು. ಮರುವರ್ಷದ ಕಥೆ ಬೇರೆ. 2021ರ ಮೇ ತಿಂಗಳಲ್ಲಿ ಆರಂಭವಾಗಬೇಕಿದ್ದ ದ್ವಿತೀಯ ಪಿಯುಸಿ ಪರೀಕ್ಷೆಗಳನ್ನು ಮೊದಲು ಮುಂದೂಡಲಾಯಿತು, ಜೂನ್‌ನಲ್ಲಿ ರದ್ದುಪಡಿಸಲಾಯಿತು. ಇಂಗ್ಲಿಷಿನಲ್ಲಿ ಹೇಳುವುದಾದರೆ 2020ರ ಪರೀಕ್ಷೆ ‘ಪುಟ್ ಆಫ್’ ಆಯಿತು. 2021ರದ್ದು ಮೊದಲು ‘ಪುಟ್ ಆಫ್’, ಆಮೇಲೆ ‘ಕಾಲ್ ಆಫ್’ ಆಯಿತು.

ಈ ಎರಡು ಪ್ರಯೋಗಗಳನ್ನು ಅದಲುಬದಲು ಮಾಡುವವರು ವಿದ್ಯಾರ್ಥಿಗಳು ಮಾತ್ರವಲ್ಲ. ಇಂಗ್ಲಿಷ್ ಸುದ್ದಿಯನ್ನು ಅವಸರದಲ್ಲಿ ಕನ್ನಡಕ್ಕೆ ತರುವ ನಮ್ಮಂಥ ಪತ್ರಕರ್ತರೂ ಎಡವುವುದುಂಟು. ಎರಡರಲ್ಲಿಯೂ ‘ಆಫ್’ ಇದೆ, ಎರಡರಲ್ಲಿಯೂ ಆ ದಿನ ಕಾರ್ಯಕ್ರಮ ನಡೆಯುವುದಿಲ್ಲ. ಆದರೆ ಮೊದಲನೆಯದರಲ್ಲಿ ಪುಸ್ತಕ ಮುಚ್ಚುವಂತಿಲ್ಲ, ಎರಡನೆಯದರಲ್ಲಿ ಮುಚ್ಚಬಹುದು. ಟೋಕಿಯೊ ಒಲಿಂಪಿಕ್ಸ್ 2020ರಿಂದ 2021ಕ್ಕೆ ‘ಪುಟ್ ಆಫ್’ ಆಯಿತು. ಅದೇ 2020ರ ವಿಂಬಲ್ಡನ್ ಟೆನಿಸ್ ‘ಕಾಲ್ ಆಫ್’ ಆಯಿತು. ಚೌರಿ ಚೌರಾ ಘಟನೆಯ ಬಳಿಕ 1922ರ ಫೆಬ್ರುವರಿಯಲ್ಲಿ ಗಾಂಧೀಜಿ ಅಸಹಕಾರ ಚಳವಳಿಯನ್ನು ನಿಲ್ಲಿಸಿದ್ದನ್ನು ಇಂಗ್ಲಿಷ್ ಇತಿಹಾಸ ಗ್ರಂಥಗಳು ‘ಕಾಲ್ಡ್ ಆಫ್’ ಎಂದೇ ಬರೆಯುತ್ತವೆ. ಅಲ್ಲಿ ‘ಪುಟ್ ಆಫ್’ ಎಂದು ಬರೆದರೆ ಚಳವಳಿ ಇನ್ನೊಂದು ದಿನಾಂಕಕ್ಕೆ ಹೋಯಿತು ಎಂದಾಗುತ್ತದೆ.

ಕ್ರಿಯಾಪದದ ಜೊತೆ ಆಫ್, ಅಪ್, ಔಟ್‌ನಂಥ ಪುಟ್ಟ ಪದ ಸೇರಿ ಬೇರೆಯದೇ ಅರ್ಥ ಹುಟ್ಟುವುದನ್ನು ಇಂಗ್ಲಿಷ್ ವ್ಯಾಕರಣ ‘ಫ್ರೇಸಲ್ ವರ್ಬ್’ ಎನ್ನುತ್ತದೆ. ಕನ್ನಡಿಗರಿಗೆ ಈ ಚಮತ್ಕಾರ ಹೊಸದೇನಲ್ಲ. ‘ಕೈಕೊಡು’, ‘ಕೈಬಿಡು’, ‘ಕೈಹಾಕು’ ಎಂಬ ಮಾತುಗಳ ಅರ್ಥವನ್ನು ಕೈ ನೋಡಿ ಹೇಳಲು ಸಾಧ್ಯವೇ? ಹಾಗೆಯೇ ‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ಆಚೆಗೆ ಎಂದು ತಿಳಿದಷ್ಟಕ್ಕೆ ‘ಪುಟ್ ಆಫ್’ ಕೈವಶವಾಗದು.

ನಮಗೆ ನಿಜವಾದ ತೊಡಕು ಇರುವುದು ದಿಕ್ಕಿನಲ್ಲಿ. ಕನ್ನಡದಲ್ಲಿ ತಡವಾಗುವ ಕೆಲಸ ‘ಮುಂದಕ್ಕೆ’ ಹೋಗುತ್ತದೆ. ಇಂಗ್ಲಿಷಿನಲ್ಲಿ ಅದು ಆಚೆಗೆ, ಇಲ್ಲವೇ ‘ಪುಟ್ ಬ್ಯಾಕ್’, ‘ಪುಶ್ ಬ್ಯಾಕ್’ ಎಂಬಂತೆ ಹಿಂದಕ್ಕೆ ಸರಿಯುತ್ತದೆ. ಇದಕ್ಕೆ ವಿರುದ್ಧವಾಗಿ ‘ಬ್ರಿಂಗ್ ಫಾರ್ವರ್ಡ್’ ಎಂದರೆ, ಮುಂದಕ್ಕೆ ತರುವುದು ಎಂಬ ಪದಶಃ ಅರ್ಥವಿದ್ದರೂ, ನಿಗದಿಗಿಂತ ಮೊದಲೇ ನಡೆಸುವುದು. ‘ಮುಂದಕ್ಕೆ ಹಾಕಿದರು’ ಎಂಬುದನ್ನು ಪದಕ್ಕೆ ಪದವಿಟ್ಟು ‘ಪುಟ್ ಫಾರ್ವರ್ಡ್’ ಎಂದು ಬರೆದರೆ, ಓದಿದವರು ಸಭೆ ಬೇಗ ನಡೆಯಲಿದೆ ಎಂದುಕೊಂಡಾರು. ಯಾರೋ ಹೊಸ ಸಲಹೆಯೊಂದನ್ನು ಮಂಡಿಸಿದ್ದಾರೆ ಎಂದೂ ತಿಳಿದಾರು.

ಈ ಪಾಠವನ್ನು ಈ ವರದಿಗಾರ ಕಲಿತದ್ದು ಪುಸ್ತಕದಿಂದಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದ ವರ್ಷ ಸಂಸ್ಥೆಯೊಂದರಿಂದ ಸಂದರ್ಶನದ ಕರೆ ಬಂದಿತ್ತು, ತಿಂಗಳ 18ನೇ ತಾರೀಕಿಗೆ. ಬಳಿಕ ಬಂದ ಇ-ಮೇಲ್‌ನಲ್ಲಿ ಸಂದರ್ಶನವನ್ನು ಎರಡು ದಿನ ‘ಬ್ರಾಟ್ ಫಾರ್ವರ್ಡ್’ ಮಾಡಲಾಗಿದೆ ಎಂದಿತ್ತು. ಮುಂದಕ್ಕೆ ಹೋಯಿತೆಂದು ಸಮಾಧಾನಪಟ್ಟು, ರಾತ್ರಿ ಬಸ್ಸು ಹಿಡಿದು 20ರಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಾಗಿಲಿಗೆ ಹೋಗಿ ನಿಂತದ್ದಾಯಿತು. ‘16ಕ್ಕೇ ಮುಗೀತಲ್ಲ ಸಾರ್’ ಎಂದವರು ಗೇಟಿನ ಕಾವಲುಗಾರರು. ಆ ಇ-ಮೇಲ್‌ನಲ್ಲಿ ತಪ್ಪೇನೂ ಇರಲಿಲ್ಲ. ಅಂದಿನಿಂದ ಇಂಥ ಸೂಚನೆ ಬಂದಾಗಲೆಲ್ಲ ‘ಅಂದರೆ ಯಾವ ತಾರೀಕು?’ ಎಂದು ಮರಳಿ ಕೇಳುವುದು ರೂಢಿಯಾಗಿದೆ. ನಮ್ಮ ಕಚೇರಿಗಳಲ್ಲಿ ಚಾಲ್ತಿಯಲ್ಲಿರುವ ‘ಪ್ರಿಪೋನ್’ ಎಂಬ ಪದವನ್ನು ಹಲವರು ಹಾಸ್ಯ ಮಾಡುತ್ತಾರಾದರೂ, ಅದರಲ್ಲಿ ಇಂಥ ಗೊಂದಲವಿಲ್ಲ ಎಂಬುದನ್ನು ಒಪ್ಪಲೇಬೇಕು. ಹೊರದೇಶದವರಿಗೆ ಬರೆಯುವಾಗ ಮಾತ್ರ ‘ಬ್ರಿಂಗ್ ಫಾರ್ವರ್ಡ್’ ಬಳಸಿ, ಪಕ್ಕದಲ್ಲಿ ದಿನಾಂಕ ನಮೂದಿಸುವುದು ಲೇಸು.

ಇನ್ನು ವಾಕ್ಯರಚನೆ. ‘ಪುಟ್’ ಭೂತಕಾಲದಲ್ಲಿಯೂ ‘ಪುಟ್’ ಆಗಿಯೇ ಉಳಿಯುತ್ತದೆ. ‘ಪುಟ್ಟೆಡ್’ ಎಂಬ ರೂಪವಿಲ್ಲ. ‘ದೆ ಪುಟ್ ಆಫ್ ದ ಮೀಟಿಂಗ್’ ಎಂದರೂ ಸರಿ, ‘ದೆ ಪುಟ್ ದ ಮೀಟಿಂಗ್ ಆಫ್’ ಎಂದರೂ ಸರಿ. ಆದರೆ ಸಭೆಯ ಜಾಗದಲ್ಲಿ ‘ಇಟ್’ ಎಂಬ ಸರ್ವನಾಮ ಬಂದರೆ ಈ ಸ್ವಾತಂತ್ರ್ಯವಿಲ್ಲ. ‘ದೆ ಪುಟ್ ಇಟ್ ಆಫ್’ ಎಂದೇ ಹೇಳಬೇಕು. ‘ಪುಟ್ ಆಫ್ ಇಟ್’ ತಪ್ಪು. ಮುಂದೂಡಿದ ಸಂಗತಿಯನ್ನು ಹೇಳಲು ನಾಲ್ಕೈದು ಪದಗಳು ಬೇಕಾದಾಗ ‘ಪುಟ್’ ಮತ್ತು ‘ಆಫ್’ ಅಕ್ಕಪಕ್ಕದಲ್ಲಿದ್ದರೆ ಓದುವವರಿಗೆ ಸುಲಭ.

ಹೆಚ್ಚು ಜನ ಜಾರುವ ಸ್ಥಳ ಇನ್ನೊಂದಿದೆ. ‘ಪುಟ್ ಆಫ್’ ನಂತರ ಇನ್ನೊಂದು ಕ್ರಿಯಾಪದ ಬಂದರೆ ಅದು ‘ಇಂಗ್’ ಪ್ರತ್ಯಯವನ್ನು ತೆಗೆದುಕೊಳ್ಳುತ್ತದೆ. ‘ಐ ಪುಟ್ ಆಫ್ ಗೋಯಿಂಗ್ ಟು ದ ಡಾಕ್ಟರ್’ ಎನ್ನಬೇಕೇ ಹೊರತು ‘ಐ ಪುಟ್ ಆಫ್ ಟು ಗೋ’ ಎನ್ನಬಾರದು. ಇದಕ್ಕೆ ಕನ್ನಡವೇ ನೆರವಿಗೆ ಬರುತ್ತದೆ. ನಾವು ‘ವೈದ್ಯರ ಬಳಿ ಹೋಗುವುದನ್ನು ಮುಂದೂಡಿದೆ’ ಎನ್ನುತ್ತೇವೆ. ‘ಹೋಗಲು ಮುಂದೂಡಿದೆ’ ಎಂದು ಯಾರೂ ಹೇಳುವುದಿಲ್ಲ. ‘ಹೋಗುವುದು’ ಇದ್ದಲ್ಲಿ ‘ಗೋಯಿಂಗ್’ ಎಂದು ನೆನಪಿಟ್ಟರೆ ಈ ಪ್ರಯೋಗದ ಮಟ್ಟಿಗೆ ತಪ್ಪುವ ಭಯವಿಲ್ಲ. ಎಲ್ಲಿಯವರೆಗೆ ಎಂದು ತಿಳಿಸಲು ‘ಅಂಟಿಲ್’ ಬಳಸಬಹುದು: ‘ಪುಟ್ ಆಫ್ ಅಂಟಿಲ್ ಮಂಡೇ’, ಅಂದರೆ ಸೋಮವಾರಕ್ಕೆ ಮುಂದೂಡಿಕೆ. ಎಷ್ಟು ಕಾಲ ಎಂಬುದಕ್ಕೆ ‘ಫಾರ್ ಎ ವೀಕ್’ ಸಾಕು.

‘ಪುಟ್ ಆಫ್’ ಮನುಷ್ಯರಿಗೂ ಅನ್ವಯಿಸುತ್ತದೆ, ಆಗ ಅರ್ಥ ಬದಲಾಗುತ್ತದೆ. ಸಾಲ ಕೇಳಲು ಬಂದವರಿಗೆ ನಾಳೆ ಬಾ ಎಂದು ಸಾಗಹಾಕುವುದೂ ‘ಪುಟ್ ಆಫ್’. ಹೋಟೆಲಿನ ವಾಸನೆಗೆ ಊಟವೇ ಬೇಡವೆನಿಸಿದರೆ ‘ದ ಸ್ಮೆಲ್ ಪುಟ್ ಮಿ ಆಫ್’ ಎನ್ನುತ್ತಾರೆ. ಇಲ್ಲಿ ಮುಂದೂಡಿಕೆಯ ಸುಳಿವೇ ಇಲ್ಲ, ಮನಸ್ಸು ಹಿಂಜರಿದದ್ದಷ್ಟೇ.

ನಮ್ಮ ಮನೆಗಳಲ್ಲಿ ಕೇಳಿಬರುವ ‘ಪುಟ್ ಆಫ್ ದ ಲೈಟ್’ ಅರ್ಥವಾಗದ ಮಾತೇನಲ್ಲ. ಆದರೆ ಇಂದಿನ ಬರವಣಿಗೆಯಲ್ಲಿ ದೀಪಕ್ಕೆ, ಫ್ಯಾನಿಗೆ ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’ ರೂಢಿ. ಚಪ್ಪಲಿ ಕಳಚುವುದಕ್ಕೆ ‘ಪುಟ್ ಆಫ್’ ಸಲ್ಲದು. ಹಾಕಿಕೊಳ್ಳುವುದು ‘ಪುಟ್ ಆನ್’ ಆದ್ದರಿಂದ ಬಿಚ್ಚುವುದು ‘ಪುಟ್ ಆಫ್’ ಇರಬೇಕೆಂದು ತೋರುವುದು ಸಹಜವೇ, ಆದರೂ ಅಲ್ಲಿ ‘ಟೇಕ್ ಆಫ್’ ಎಂದೇ ಬರೆಯಬೇಕು. ವಿಮಾನ ನೆಲ ಬಿಟ್ಟು ಮೇಲೇರುವುದೂ ಅದೇ ‘ಟೇಕ್ ಆಫ್’.